ಹಾಜರಿ ಅಕ್ಕನ ಪಟ್ಟಿ

ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷವಿರುವಾಗ ಆಕೆ ಅಂಗಡಿಯ ಶಟರನ್ನು ಅರ್ಧ ಮಾತ್ರ ಎತ್ತುತ್ತಿದ್ದಳು. ಪೂರ್ತಿ ಎತ್ತಿದರೆ ಗಿರಾಕಿಗಳು ನುಗ್ಗುತ್ತಾರೆ, ಎತ್ತದೇ ಹೋದರೆ ಬೆಳಕಿಲ್ಲ. ಆ ಅರ್ಧ ಬೆಳಕಿನಲ್ಲಿ ಹೊಲಿಗೆ ಯಂತ್ರದ ಮುಂದೆ ಸ್ಟೂಲಿನ ಮೇಲೆ ಕೂತು, ಕನ್ನಡಕ ಏರಿಸಿಕೊಂಡು, ಫೋನು ಹಿಡಿದು ಹೆಸರು ಕೂಗಲು ಶುರುಮಾಡುತ್ತಿದ್ದಳು. ಕೂಗುವುದೆಂದರೆ ಬಾಯಿಯಿಂದಲ್ಲ, ಬೆರಳಿನಿಂದ. “ಕತ್ತರಿ ತಾತ” ಎಂದು ಬರೆಯುವಳು. ಎಲ್ಲೋ ಇರುವ ಮುದುಕರೊಬ್ಬರು “ಕಪ್ಪು” ಎಂದು ಉತ್ತರ ಕೊಡುವರು. “ಕಾಜಾ ಮಾಮ” ಎಂದು ಬರೆಯುವಳು. ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುವುದನ್ನು ಬಿಟ್ಟು ಬೇರೇನೂ ಮಾಡದ ಆ ಮನುಷ್ಯ “ಬಿಳಿ, ನನ್ನ ಹಣೇಲಿ ಬರೆದಿರೋದೇ ಬಿಳಿ” ಎಂದು ಗೊಣಗುವನು. ಹೀಗೆ ಇಪ್ಪತ್ತೆರಡು ಹೆಸರು, ಇಪ್ಪತ್ತೆರಡು ಬಣ್ಣ. ಅವತ್ತು ಯಂತ್ರಕ್ಕೆ ಪೋಣಿಸಿದ ಮೊದಲ ದಾರ ಯಾವ ಬಣ್ಣದ್ದೋ ಅದನ್ನು ಹೇಳುವುದೇ ಅಲ್ಲಿ ಹಾಜರಿ.

ಆ ಗುಂಪಿನ ಹೆಸರು ಸೂಜಿಮೊನೆ. ಒಂಟಿಯಾಗಿ ಅಂಗಡಿಯಲ್ಲಿ ಕೂತು ಹೊಲಿಯುವವರು ಫೋನಿನಲ್ಲೇ ಕಟ್ಟಿಕೊಂಡ ಬಳಗ. ಒಬ್ಬರ ಮುಖ ಇನ್ನೊಬ್ಬರು ನೋಡಿದ್ದಿಲ್ಲ, ನಿಜವಾದ ಹೆಸರು ಕೇಳಿದ್ದಿಲ್ಲ. ಗಿರಾಕಿಗಳ ಬಗ್ಗೆ ಚಾಡಿ, ಕೆಟ್ಟುಹೋದ ಹೊಲಿಗೆಯ ಫೋಟೋ, ಕಾಲೆಳೆತ, ಇಡೀ ದಿನ ಇದೇ. ಹಾಕಿದ್ದು ಯಾವುದೂ ಅಳಿಸುತ್ತಿರಲಿಲ್ಲ, ಹೊಸದಾಗಿ ಸೇರಿದವರೂ ಮೊದಲಿನಿಂದ ಎಲ್ಲ ನೋಡಬಹುದಿತ್ತು. ಆರು ವರ್ಷದ ಹಿಂದೆ ಕತ್ತರಿ ತಾತ ತಮ್ಮ ಅಂಗಡಿಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಒಂದೂವರೆ ದಿನ ಅಲ್ಲೇ ಬಿದ್ದಿದ್ದರು. ತಾತ ಸುಮ್ಮನಿದ್ದಾರಲ್ಲ, ಕೋಪ ಬಂದಿರಬೇಕು ಎಂದು ಉಳಿದವರೆಲ್ಲ ತಮಾಷೆ ಮಾಡಿಕೊಂಡು ಕೂತಿದ್ದರು. ಅದು ಗೊತ್ತಾದ ಮರುದಿನವೇ ಆಕೆ ಹಾಜರಿ ಶುರುಮಾಡಿದಳು. ಎಲ್ಲರಿಂದಲೂ ಅವರವರ ಪಕ್ಕದ ಅಂಗಡಿಯವರ ನಂಬರು ಕೇಳಿ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟಳು. ಕೂಗಿದಾಗ ಉತ್ತರ ಬರದಿದ್ದರೆ ಫೋನು ಮಾಡಿ ವಿಚಾರಿಸುವಳು. ನಡುವೆ ಹರಟೆ ಬಂದು ಹೆಸರುಗಳು ಕಳೆದುಹೋಗುತ್ತವೆಂದು ಒಂದು ಕಟ್ಟುನಿಟ್ಟಿನ ನಿಯಮವನ್ನೂ ಹಾಕಿದಳು: ಹಾಜರಿ ಮುಗಿಯುವ ತನಕ ಯಾರೂ ಮಾತಾಡಬಾರದು, ಹೆಸರು ಬಂದವರು ಮಾತ್ರ ಬಾಯಿ ಬಿಡಬೇಕು. ಅಂದಿನಿಂದ ಆಕೆ ಹಾಜರಿ ಅಕ್ಕ.

ನೋಡಲು ಹೋದರೆ ಅಕ್ಕನ ಬದುಕಿನಲ್ಲಿ ದೊಡ್ಡದೇನೂ ಇರಲಿಲ್ಲ. ಮೆಟ್ಟಿಲ ಕೆಳಗಿನ ಸಣ್ಣ ಅಂಗಡಿ. ಒಂದು ಕಡೆ ಡ್ರೈಕ್ಲೀನಿಂಗಿನವನ ಹಬೆಯ ವಾಸನೆ, ಎದುರಿಗೆ ಬಸ್ ಸ್ಟಾಪು. ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ. ಪ್ಯಾಂಟು ಗಿಡ್ಡ ಮಾಡು, ಸೊಂಟ ಸಡಿಲಿಸು, ಜಿಪ್ಪು ಬದಲಿಸು, ಇಷ್ಟೇ. ಗಂಡ ತೀರಿಕೊಂಡ ಮೇಲೆ ಅವನ ಕಡೆಯಿಂದ ಉಳಿದದ್ದು ಎರಡು, ಅವನ ಹೊಲಿಗೆ ಯಂತ್ರ ಮತ್ತು ಅವನ ತಾಯಿ. ಎರಡೂ ಗಟ್ಟಿಮುಟ್ಟು, ಎರಡರದ್ದೂ ಸದ್ದು ಜಾಸ್ತಿ. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದ ಅತ್ತೆ ದಿನಾ ಅಂಗಡಿಗೆ ಬಂದು ಮೂಲೆಯಲ್ಲಿ ಕೂತು ಹಳೇ ಹೊಲಿಗೆ ಬಿಚ್ಚಿಕೊಡುತ್ತಿದ್ದರು, ಜೊತೆಗೆ ಬೇಡವೆಂದರೂ ಬುದ್ಧಿ ಹೇಳುತ್ತಿದ್ದರು. ಆದರೆ ಒಂಬತ್ತು ಗಂಟೆಗೆ ಅಷ್ಟೂ ಜನ ತನ್ನ ಬೆರಳಿಗಾಗಿ ಕಾಯುತ್ತಾರೆ ಅನ್ನುವುದಿತ್ತಲ್ಲ, ಅದು ಅಕ್ಕನ ಪಾಲಿಗೆ ಸಿಂಹಾಸನವಾಗಿತ್ತು.

ಅಂಥ ಹೊತ್ತಿನಲ್ಲಿ, ನಾಲ್ಕು ತಿಂಗಳ ಹಿಂದೆ, ಇಪ್ಪತ್ತೆರಡನೆಯವಳಾಗಿ ನೀಲಿ ಗುಂಡಿ ಬಂದಳು.

ಅದು ಆಕೆಯೇ ಇಟ್ಟುಕೊಂಡ ಹೆಸರು. ಯಾವುದೋ ದೊಡ್ಡ ಬಟ್ಟೆ ಅಂಗಡಿಯ ನೆಲಮಾಳಿಗೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಒಬ್ಬಳೇ ಕೂತು ಬಟ್ಟೆ ಸರಿಮಾಡುವ ಕೆಲಸ. ಬಂದ ಮೊದಲ ದಿನ ಅಕ್ಕ ಹೆಸರು ಕೂಗಿದಾಗ ಎಲ್ಲರಂತೆ “ಖಾಕಿ” ಎಂದು ಸುಮ್ಮನಾಗಲಿಲ್ಲ. “ಖಾಕಿ. ವಾಚ್‌ಮನ್ ಹೊಟ್ಟೆ ಎರಡಿಂಚು ಮುಂದೆ ಬಂದಿದೆ, ಪ್ಯಾಂಟು ರಾಜೀನಾಮೆ ಕೊಡ್ತಿದೆ” ಅಂದಳು. ಗುಂಪು ಬಿದ್ದು ಬಿದ್ದು ನಕ್ಕಿತು. ಅಕ್ಕನಿಗೂ ನಗು ಬಂತು, ಅದನ್ನು ನುಂಗಿಕೊಂಡಳು. ಮರುದಿನ ಇನ್ನೊಂದು, ಅದರ ಮರುದಿನ ಮತ್ತೊಂದು. ವಾರ ಕಳೆಯುವಷ್ಟರಲ್ಲಿ ಆ ವಾಚ್‌ಮನ್‌ನ ಹೊಟ್ಟೆ ಎಲ್ಲರ ಮನೆಮಾತಾಯಿತು.

ಅಕ್ಕನ ಹೊಟ್ಟೆಯೊಳಗೆ ಕಿಚ್ಚು ಹತ್ತಿತು. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಆರು ವರ್ಷ ತಾನು ಕೂಗಿದಾಗ ಒಂದು ಬಣ್ಣ ಬಿಸಾಕಿ ಹೋಗುತ್ತಿದ್ದ ಕಾಜಾ ಮಾಮ ಈಗ “ಗುಂಡಿ ಬರ್ಲಿ, ಕೇಳ್ಕೊಂಡು ಹೋಗ್ತೀನಿ” ಎಂದು ಕಾಯುತ್ತಾನೆ. ಯಾರ ಜೋಕಿಗೂ ಹಲ್ಲು ಬಿಡದ ಕತ್ತರಿ ತಾತ “ಮಗಳೇ, ಚೆನ್ನಾಗ್ ಹೇಳ್ದೆ” ಅನ್ನುತ್ತಾರೆ. ತನ್ನನ್ನು ಅವರು ಒಮ್ಮೆಯಾದರೂ ಮಗಳೇ ಅಂದಿದ್ದರಾ? ಅವರ ಪಕ್ಕದ ಅಂಗಡಿಗೆ ಫೋನು ಮಾಡಿ ಮಾತ್ರೆ ನುಂಗಿದರೋ ಇಲ್ಲವೋ ವಿಚಾರಿಸಿದವಳು ಯಾರು? ಗುಂಡಿಗೆ ಶಿಕ್ಷೆ ಕೊಡಬೇಕೆಂದು ಅಕ್ಕ ಅವಳ ಹೆಸರನ್ನು ಪಟ್ಟಿಯ ಕೊನೆಗೆ ತಳ್ಳಿದಳು. ಆದದ್ದು ತಿರುಗುಮುರುಗು. ಮೊದಲು ತಮ್ಮ ಬಣ್ಣ ಹೇಳಿ ಕೆಲಸಕ್ಕೆ ಹೋಗುತ್ತಿದ್ದವರೆಲ್ಲ ಈಗ ಕೊನೆಯ ಹೆಸರಿನ ತನಕ ಕದಲದೆ ಕೂತರು.

“ಆ ಹುಡುಗಿ ಏನ್ ಮಾಡಿದ್ಳೇ ನಿನಗೆ?” ಎಂದು ಅತ್ತೆ ಕೇಳಿದರು. ಅವರ ಕೈ ಒಂದು ಕೋಟಿನ ಅಸ್ತರು ಬಿಚ್ಚುತ್ತಿತ್ತು.

“ಏನೂ ಮಾಡಿಲ್ಲ. ಅದೇ ಸಿಟ್ಟು” ಎಂದಳು ಅಕ್ಕ.

ಒಂದು ಸೋಮವಾರ ನೀಲಿ ಗುಂಡಿಯಿಂದ ಉತ್ತರ ಬರಲಿಲ್ಲ. ಕೊನೆಯ ಹೆಸರಾದ್ದರಿಂದ ಹಾಜರಿ ಅಲ್ಲಿಗೆ ಮುಗಿಯಿತು, ಬಾಯಿಗಳು ತೆರೆದವು. ಗುಂಡಿ ಎಲ್ಲಿ? ಹುಷಾರಿಲ್ವಾ? ಅಕ್ಕ ಫೋನ್ ಮಾಡಿದ್ರಾ? ತಾತ ಮೂರು ಸಲ ಕೇಳಿದರು. ಕಾಜಾ ಮಾಮನಂತೂ ಕೆಲಸಕ್ಕೆ ಕೈ ಹಚ್ಚುವುದಿಲ್ಲ ಎಂದು ಕೂತುಬಿಟ್ಟ. ಅಕ್ಕನ ನೋಟುಪುಸ್ತಕ ಅವಳ ತೊಡೆಯ ಮೇಲೇ ಇತ್ತು, ಗುಂಡಿಯ ವಾಚ್‌ಮನ್‌ನ ನಂಬರು ತೆರೆದಿತ್ತು. ಅಕ್ಕ ಫೋನು ಮಾಡಲಿಲ್ಲ. ಬರುತ್ತಿದ್ದ ಸಂದೇಶಗಳನ್ನು ಒಂದೊಂದಾಗಿ ಎಣಿಸುತ್ತ ಕೂತಳು. ಅರ್ಧ ಗಂಟೆಯಲ್ಲಿ ಅರವತ್ತೊಂದು. ಆಮೇಲೆ ಹಲ್ಲು ಕಚ್ಚಿಕೊಂಡು ನಂಬರು ಒತ್ತಿದಳು. ಗುಂಡಿಯ ಫೋನು ಬಕೆಟ್ಟಿನ ನೀರಿಗೆ ಬಿದ್ದು ಒಣಗುತ್ತಿತ್ತಂತೆ, ಅಷ್ಟೇ.

ಅವತ್ತೆಲ್ಲ ಅರವತ್ತೊಂದು ಎನ್ನುವುದು ಅಕ್ಕನ ತಲೆಯಲ್ಲಿ ಕೊರೆಯಿತು. ಕಳೆದ ವರ್ಷ ತನಗೆ ಎಂಟು ದಿನ ಸುಡುವ ಜ್ವರ. ಹಾಸಿಗೆಯಲ್ಲೇ ಮಲಗಿ ಹೆಸರು ಕೂಗಿದ್ದಳು. ಒಂದು ನರಪಿಳ್ಳೆಗೂ ಗೊತ್ತಾಗಿರಲಿಲ್ಲ.

“ನಾಳೆ ನಾನು ಕೂಗಲ್ಲ ಅತ್ತೆ” ಎಂದಳು. “ಎಷ್ಟು ಜನ ಕೇಳ್ತಾರೆ ನೋಡೇಬಿಡೋಣ.”

“ಇದೇನೇ, ಸಣ್ಣ ಮಕ್ಕಳ ಥರ. ಊಟ ಬಿಟ್ಟು ಮಂಚದ ಕೆಳಗೆ ಕೂತ್ಕೊಳ್ತೀಯಾ?”

“ಹೂಂ, ಹಂಗೇ ಅನ್ಕೊಳ್ಳಿ.”

ಮರುದಿನ ಅಕ್ಕ ಶಟರನ್ನು ಪೂರ್ತಿ ಎತ್ತಿದಳು. ಫೋನನ್ನು ಯಂತ್ರದ ಪಕ್ಕದಲ್ಲಿ, ಬಾಬಿನ್ ಡಬ್ಬಿಗೆ ಒರಗಿಸಿ ಇಟ್ಟಳು. ಒಂಬತ್ತಾಯಿತು. ಒಂಬತ್ತೂಕಾಲಾಯಿತು. ಫೋನು ತುಟಿಪಿಟಿಕ್ಕೆನ್ನಲಿಲ್ಲ. ಒಬ್ಬರು, ಒಬ್ಬರಾದರೂ ಅಕ್ಕ ಎಲ್ಲಿ ಅನ್ನಬಾರದೇ? ಒಂಬತ್ತೂವರೆಗೆ ಅವಳು ಒಂದು ಪ್ಯಾಂಟಿನ ಎಡಗಾಲನ್ನು ಒಂದೂವರೆ ಇಂಚು ಗಿಡ್ಡ ಮಾಡಿ, ಮತ್ತೆ ಫೋನು ನೋಡಿ, ಅದೇ ಎಡಗಾಲನ್ನು ಇನ್ನೊಂದು ಸಲ ಗಿಡ್ಡ ಮಾಡಿದಳು. ಅತ್ತೆ ಅದನ್ನು ಎತ್ತಿ ಹಿಡಿದು ನೋಡಿದರು.

“ಈ ಗಿರಾಕಿ ಕುಂಟ್ತಾನೇನೇ?”

“ಬಿಚ್ಚಿ ಅತ್ತೆ, ಸುಮ್ನೆ ಬಿಚ್ಚಿ” ಎಂದಳು ಅಕ್ಕ. ಗುಂಡಿಗೆ ಅರವತ್ತೊಂದು, ತನಗೆ ಸೊನ್ನೆ. ಅಳು ಬರುವಷ್ಟು ಹೊಟ್ಟೆ ಉರಿಯಿತು.

ಹಾಜರಿ ಮುಗಿಯುವ ತನಕ ಯಾರೂ ಮಾತಾಡಬಾರದು ಎನ್ನುವ ನಿಯಮ ಅವಳಿಗೆ ನೆನಪೇ ಆಗಲಿಲ್ಲ. ಆರು ವರ್ಷ ಪಾಲಿಸಿದ್ದವರು ಇವತ್ತೂ ಪಾಲಿಸುತ್ತಿದ್ದರು. ಇಪ್ಪತ್ತೆರಡು ಜನ ಇಪ್ಪತ್ತೆರಡು ಕಡೆ ಫೋನು ನೋಡುತ್ತ, ಶುರುವಾಗದ ಹಾಜರಿ ಮುಗಿಯಲೆಂದು ಬಾಯಿ ಮುಚ್ಚಿಕೊಂಡು ಕೂತಿದ್ದರು.

ಹತ್ತು ಗಂಟೆಗೆ ಫೋನು ಟಿಣ್ ಎಂದಿತು. ಅಕ್ಕ ಕತ್ತರಿ ಬಿಟ್ಟು ಹಾರಿ ನೋಡಿದಳು. “ಕತ್ತರಿ ತಾತ” ಎಂದಿತ್ತು. ಬರೆದವಳು ನೀಲಿ ಗುಂಡಿ.

“ನೋಡಿದ್ರಾ ಅತ್ತೆ, ನೋಡಿದ್ರಾ! ಒಂದು ಗಂಟೆ ಸೀಟು ಖಾಲಿ ಇದ್ದಿದ್ದಕ್ಕೆ ಬಂದು ಕೂತೇಬಿಟ್ಳು!”

“ಬೂದು” ಎಂದರು ತಾತ. “ಕಾಜಾ ಮಾಮ.” “ಬಿಳಿ.” ಅಕ್ಕ ಒಂದೊಂದು ಹೆಸರನ್ನೂ ಕೆಂಗಣ್ಣಿನಿಂದ ಓದಿದಳು. ಎಲ್ಲಾದರೂ ತಪ್ಪಲಿ, ಯಾರನ್ನಾದರೂ ಮರೆಯಲಿ ಎಂದು ಕಾದಳು. ಅವಳು ತಪ್ಪಲಿಲ್ಲ. ಅಕ್ಕನದೇ ಸಾಲು, ಅಕ್ಕನದೇ ಕ್ರಮ. ಎಲ್ಲವೂ ಅವಳಿಗೆ ಬಾಯಿಪಾಠವಾಗಿತ್ತು. ಇಪ್ಪತ್ತೊಂದು ಮುಗಿಯಿತು. ಇಪ್ಪತ್ತೆರಡನೆಯದು ಅವಳದೇ, “ನೀಲಿ ಗುಂಡಿ. ಕಪ್ಪು” ಎಂದಳು. ಕಪ್ಪು, ಅಷ್ಟೇ. ವಾಚ್‌ಮನ್ ಇಲ್ಲ, ಹೊಟ್ಟೆ ಇಲ್ಲ. ಅದರ ಕೆಳಗೆ ಇನ್ನೂ ಒಂದು ಹೆಸರು ಬಂತು.

“ಹಾಜರಿ ಅಕ್ಕ.”

ಪಟ್ಟಿಯಲ್ಲಿ ಆ ಹೆಸರು ಯಾವತ್ತೂ ಇರಲಿಲ್ಲ. ಅಕ್ಕನೇ ಬರೆದುಕೊಂಡಿರಲಿಲ್ಲ. ಕೂಗುವವಳನ್ನು ಯಾರು ಕೂಗುತ್ತಾರೆ?

“ಹಾಜರಿ ಅಕ್ಕ” ಎಂದು ಮತ್ತೊಮ್ಮೆ ಬಂತು. ಆಮೇಲೆ ಕಟ್ಟೆ ಒಡೆಯಿತು. ಅಕ್ಕನ ಪಕ್ಕದ ಅಂಗಡಿ ನಂಬರ್ ಯಾರ ಹತ್ರ ಇದೆ? ನನ್ನ ಹತ್ರ ಇಲ್ಲ. ನಂಬರೆಲ್ಲ ಅಕ್ಕನ ಹತ್ರಾನೇ ಇರೋದಲ್ವಾ. ಯಾವ ಊರು ಅವರದು? ಅತ್ತೆ ಇದಾರೆ ಅಂತ ಗೊತ್ತು. ಅತ್ತೆ ಹೆಸರೇನು? “ನಾನು ಬಿದ್ದಾಗ ಒಂದೂವರೆ ದಿನ” ಎಂದು ತಾತ ಬರೆದರು.

ಅಕ್ಕನ ಬೆರಳು ಫೋನಿನ ಮೇಲೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ಉತ್ತರ ಕೊಟ್ಟರೆ ಗುಂಡಿ ಕೂಗಿದ್ದಕ್ಕೆ ತಾನು ಓಗೊಟ್ಟ ಹಾಗೆ, ಸಿಂಹಾಸನ ಅವಳದು. ಕೊಡದಿದ್ದರೆ ಆ ಮುದುಕರ ಎದೆ ಏನಾಗಬೇಕು?

“ಸಾಕು ಮಾಡೇ. ಆ ತಾತಂಗೆ ಬಿ.ಪಿ. ಇದೆ ಅಂತ ನೀನೇ ಹೇಳಿದ್ದೆ” ಎಂದರು ಅತ್ತೆ, ಈ ಸಲ ನರ್ಸಿನ ದನಿಯಲ್ಲಿ.

“ಐದು ನಿಮಿಷ ಅತ್ತೆ.” ಅಕ್ಕ ನಿಜಕ್ಕೂ ಸಂದೇಶ ಎಣಿಸುತ್ತಿದ್ದಳು. ನಲವತ್ತನಾಲ್ಕಕ್ಕೆ ಬಂದಿತ್ತು. ಇಷ್ಟು ಕೆಟ್ಟವಳೇ ನಾನು ಎಂದು ಅವಳಿಗೇ ಅನ್ನಿಸಿತು, ಆದರೂ ಎಣಿಸಿದಳು.

ಅರವತ್ತೊಂದು ಆಗುವ ಮೊದಲೇ ಪಕ್ಕದ ಡ್ರೈಕ್ಲೀನಿಂಗಿನವನು ಬೆವರು ಒರೆಸಿಕೊಳ್ಳುತ್ತ ಓಡಿ ಬಂದ. ಕೈಯಲ್ಲಿ ಅವನ ಫೋನಿತ್ತು.

“ಅಕ್ಕಾ, ಯಾರೋ ಹೆಂಗಸು. ಪಕ್ಕದ ಟೈಲರ್ ಅಂಗಡಿ ಅಕ್ಕ ಬದುಕಿದಾರಾ ನೋಡಿ ಬನ್ನಿ ಅಂತಾರೆ. ಏನ್ ಹೇಳ್ಲಿ?”

ಅಕ್ಕ ಫೋನನ್ನು ಕಿವಿಗೆ ಇಟ್ಟುಕೊಂಡಳು.

“ಅಕ್ಕಾ? ಇದೀರಾ?” ಆ ದನಿಯಲ್ಲಿ ಒಂದು ಚೂರೂ ತಮಾಷೆಯಿರಲಿಲ್ಲ. ಅತ್ತು ಒರಟಾದ ದನಿ.

“ಇದೀನಿ” ಎಂದಳು ಅಕ್ಕ. “ಈ ನಂಬರ್ ಎಲ್ಲಿ ಸಿಕ್ತು?”

“ಎರಡು ವರ್ಷದ ಹಿಂದೆ ನೀವು ಒಂದು ಕೋಟಿನ ಫೋಟೋ ಹಾಕಿದ್ರಿ, ಪಕ್ಕದ ಅಂಗಡಿಯವನು ಸುಟ್ಟ ಕಾಲರ್ ಅಂತ. ಅದಕ್ಕೆ ಡ್ರೈಕ್ಲೀನಿಂಗ್ ಚೀಟಿ ಪಿನ್ ಮಾಡಿತ್ತು. ದೊಡ್ಡದು ಮಾಡಿ ನೋಡ್ದೆ, ನಂಬರ್ ಇತ್ತು. ಒಂಬತ್ತೂಕಾಲಿಂದ ನಿಮ್ಮ ಹಳೇ ಫೋಟೋನೇ ಹುಡುಕ್ತಿದೀನಿ. ಅದು ಸಿಗೋ ಅಷ್ಟ್ರಲ್ಲಿ ಉಳಿದೋರಾದ್ರೂ ನೆಟ್ಟಗಿದಾರಾ ನೋಡೋಣ ಅಂತ ಕೂಗ್ದೆ. ಏನಾಗಿತ್ತು ಅಕ್ಕ?”

ಗುಂಡಿ ಸೇರಿದ್ದು ನಾಲ್ಕು ತಿಂಗಳ ಹಿಂದೆ. ಎರಡು ವರ್ಷದ ಹಿಂದಿನ ತನಕ ಒಂದೊಂದೇ ಫೋಟೋ ತೆರೆದು ನೋಡಿದ್ದಾಳೆ. ನಿನ್ನೆ ತನ್ನ ತೊಡೆಯ ಮೇಲೇ ನಂಬರು ತೆರೆದಿತ್ತು, ಆದರೂ ಅರ್ಧ ಗಂಟೆ ಒತ್ತಿರಲಿಲ್ಲ. ಅಕ್ಕನ ಕಿವಿ ಬಿಸಿಯಾಯಿತು.

“ಹೊಟ್ಟೆ ನೋವು” ಎಂದಳು.

“ನೋವಲ್ಲಮ್ಮ, ಕಿಚ್ಚು! ಹೊಟ್ಟೆಕಿಚ್ಚು!” ಎಂದು ಅತ್ತೆ ಮೂಲೆಯಿಂದ ಕೂಗಿದರು. ಅವರ ದನಿ ವಾರ್ಡಿನ ಆ ತುದಿಯಿಂದ ಈ ತುದಿಗೆ ಮುಟ್ಟುವಂಥದ್ದು.

ಆ ಕಡೆ ಗುಂಡಿ ನಕ್ಕಳು, ಅಳು ಪೂರ್ತಿ ಮುಗಿಯದ ನಗು. ಅಕ್ಕನಿಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವ ಹಾಗಾಯಿತು. ಕ್ಷಮಿಸು ಅನ್ನಬೇಕು ಎಂದು ಬಾಯಿ ತೆರೆದಳು. ಬಂದ ಮಾತೇ ಬೇರೆ.

“ನಾಳೆ ಯಾರು ಕೂಗ್ತಾರೆ?”

“ನೀವೇ, ಇನ್ಯಾರು? ನನಗೆ ಇವತ್ತೊಂದಿನಕ್ಕೇ ಕೈ ಬಿದ್ದುಹೋಯ್ತು. ನಿಮ್ಮ ಹೆಸರೊಂದು ಮಾತ್ರ ನಾನು ಕೂಗ್ತೀನಿ. ಎಲ್ಲರದ್ದೂ ಆದ್ಮೇಲೆ.”

ಮರುದಿನ ಒಂಬತ್ತಕ್ಕೆ ಶಟರು ಅರ್ಧ ಎದ್ದಿತು. ತಾತ ಕಪ್ಪು ಅಂದರು, ಮಾಮ ಬಿಳಿ ಅಂದ. ಕೊನೆಯಲ್ಲಿ ಗುಂಡಿಯ ಹೆಸರು ಬಂದಾಗ “ಖಾಕಿ, ವಾಚ್‌ಮನ್‌ಗೆ ಹೊಸ ಬೆಲ್ಟು ಬಂದಿದೆ, ಪಾಪ ಅದಕ್ಕೂ ಹೆಂಡತಿ ಮಕ್ಕಳಿದಾರೆ” ಎಂದಳು. ಗುಂಪು ನಕ್ಕಿತು. ಅಕ್ಕನ ಎದೆಯಲ್ಲಿ ಎಂದಿನ ಜಾಗದಲ್ಲೇ ಚುರ್ ಎಂದಿತು. ಅದೇನು ಒಂದು ದಿನಕ್ಕೆ ಬಿಟ್ಟುಹೋಗುವ ಕಾಯಿಲೆಯಲ್ಲ. ಇನ್ನೂ ಯಾಕೆ ಕೂಗಲಿಲ್ಲ, ಮರೆತಳಾ, ಜೋಕು ಹೇಳುವ ಸಂಭ್ರಮದಲ್ಲಿ ಮರೆತೇಬಿಟ್ಟಳಾ ಎಂದು ಅವಳು ಫೋನನ್ನು ಮುಖದ ಹತ್ತಿರ ಹಿಡಿದಳು.

“ಹಾಜರಿ ಅಕ್ಕ” ಎಂದು ಬಂತು.

ಅತ್ತೆ ಯಂತ್ರದ ಕಡೆ ಕತ್ತು ಚಾಚಿದರು. “ಕೆಂಪು ದಾರ ಹಾಕಿದೀಯಲ್ಲೇ! ಇವತ್ತು ಕೆಂಪು ಬಟ್ಟೆ ಯಾರದ್ದೂ ಇಲ್ಲ.”

ನಿಜ, ಯಾರದ್ದೂ ಇರಲಿಲ್ಲ. ಬುಟ್ಟಿಯಲ್ಲಿದ್ದದ್ದು ಮೂರು ಕಪ್ಪು ಪ್ಯಾಂಟು, ಒಂದು ಬೂದು ಕೋಟು. ಅಕ್ಕ ಅವತ್ತು ಅಂಗಡಿಗೆ ಎಂಟು ಗಂಟೆಗೇ ಬಂದಿದ್ದಳು. ಡಬ್ಬಿಯ ತಳದಿಂದ ಆ ಕೆಂಪು ದಾರದ ಉಂಡೆ ಹುಡುಕಿ, ಪೋಣಿಸಿ, ಸುಳ್ಳಾಗಬಾರದೆಂದು ಒಂದು ಚಿಂದಿ ಬಟ್ಟೆಯ ಮೇಲೆ ಗೇಣುದ್ದ ಹೊಲಿಗೆಯನ್ನೂ ಹಾಕಿ ಇಟ್ಟಿದ್ದಳು.

“ಕೆಂಪು” ಎಂದು ಬರೆದಳು.