ಒಂದು ಉದ್ದ, ಎರಡು ಗಿಡ್ಡ: ಕಪ್ಪು ಪರದೆಗಳ ಬೆನ್ನು ಹತ್ತಿದ ರಬ್ಬರಕ್ಕ

ಬೆಳಗಿನ ಐದೂ ಮುಕ್ಕಾಲು. ಬ್ರೈಲ್ ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಟ್ಯೂಬ್‌ಲೈಟ್ ಹೊತ್ತಿಕೊಳ್ಳಲು ಇನ್ನೂ ಒದ್ದಾಡುತ್ತಿದೆ. ಅಷ್ಟರಲ್ಲೇ ರಬ್ಬರಕ್ಕ ಮೇಜಿನ ಕೆಳಗೆ ತೂರಿಕೊಂಡಾಗಿದೆ. ಹೊರಗೆ ಕಾಣುವುದು ಎರಡು ಪಾದಗಳು ಮಾತ್ರ. ಅವೂ ಸುಮ್ಮನಿಲ್ಲ, ಹೊಲಿಗೆ ಯಂತ್ರ ತುಳಿಯುವವರ ಪಾದಗಳಂತೆ ಅಲ್ಲಾಡುತ್ತಲೇ ಇವೆ.

"ಆನ್ ಮಾಡು ತಮ್ಮಾ."

ಮುದ್ರಣಾಲಯದ ಆಪರೇಟರ್ ಕಂಪ್ಯೂಟರಿನ ಗುಂಡಿ ಒತ್ತುತ್ತಾರೆ. ಫ್ಯಾನ್ ಗುಯ್ಯೆನ್ನುತ್ತದೆ. ಪರದೆ ಮಾತ್ರ ಕಪ್ಪಗೆ ಕೂತಿದೆ. ಪೆಟ್ಟಿಗೆಯೊಳಗಿಂದ ಮೂರು ಬಾರಿ ಸದ್ದು ಬರುತ್ತದೆ.

"ಒಂದು ಉದ್ದ, ಎರಡು ಗಿಡ್ಡ," ಎನ್ನುತ್ತಾರೆ ಆಪರೇಟರ್. ಹುಟ್ಟಿನಿಂದಲೇ ಕಣ್ಣು ಕಾಣದ ಅವರಿಗೆ ಈ ಯಂತ್ರದ ಕೆಮ್ಮು, ಗೊರಕೆ ಎಲ್ಲವೂ ಗುರುತು. "ನಿನ್ನೆ ಸಂಜೆಯಿಂದ ಹಿಂಗೇ ಕೂಗ್ತಿದೆ ಅಕ್ಕಾ."

"ಕೂಗ್ತಿದೆಯಲ್ಲ, ಅಷ್ಟು ಸಾಕು. ಬಾಯಿ ಮುಚ್ಕೊಂಡು ಕೂತಿದ್ರೆ ಕಷ್ಟ ಆಗ್ತಿತ್ತು," ಎನ್ನುತ್ತ ಅವರು ಹೊರಬಂದು, ಸೆರಗು ಸಿಕ್ಕಿಸಿ, ಚೀಲದಿಂದ ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರ್ ತೆಗೆಯುತ್ತಾರೆ.

ಈ ಊರಿನ ಹಳೆಯ ಕಂಪ್ಯೂಟರ್‌ಗಳಿಗೆಲ್ಲ ಈ ರಬ್ಬರ್ ಪರಿಚಯವಿದೆ. ಒಳಗಿನ ಮೆಮೊರಿ ಪಟ್ಟಿಯ ಹಿತ್ತಾಳೆ ಬಣ್ಣದ ಅಂಚಿಗೆ ವರ್ಷಗಳ ಕೊಳೆ ಹಿಡಿದಿರುತ್ತದೆ. ಅದನ್ನು ರಬ್ಬರಿನಿಂದ ಉಜ್ಜಿ, ಊದಿ, ಮತ್ತೆ ಕೂರಿಸಿದರೆ ಹತ್ತರಲ್ಲಿ ಆರು ಪರದೆ ಬೆಳಗುತ್ತವೆ. ಹಾಗಾಗಿ ಐವತ್ನಾಲ್ಕು ವರ್ಷದ ಈ ಹೆಂಗಸು ಎಲ್ಲರ ಬಾಯಲ್ಲೂ ರಬ್ಬರಕ್ಕ. ತಮ್ಮ ನಿಜವಾದ ಹೆಸರಿನಿಂದ ಕರೆದರೆ ತಿರುಗಿ ನೋಡುವುದಕ್ಕೆ ಒಂದು ಗಳಿಗೆ ಬೇಕು ಎಂದು ಅವರೇ ನಗುತ್ತಾರೆ.

ಇಂದು ನಗಲು ಪುರುಸೊತ್ತಿಲ್ಲ. ಹನ್ನೊಂದು ಗಂಟೆಗೆ ಒಂಬತ್ತು ಮಕ್ಕಳು ಗಣಿತದ ಪರೀಕ್ಷೆಗೆ ಕೂರುತ್ತಾರೆ. ಅವರು ಬೆರಳಲ್ಲಿ ಓದುವ ಪ್ರಶ್ನೆಪತ್ರಿಕೆ ಇಲ್ಲಿಂದಲೇ ಹೋಗಬೇಕು. ಗಾಡಿ ಒಂಬತ್ತಕ್ಕೆ ಬರುತ್ತದೆ. ಚುಕ್ಕಿ ಒತ್ತುವ ಮುದ್ರಣ ಯಂತ್ರ ಹಳೆಯದು, ಅದರ ದಪ್ಪ ಕೇಬಲ್ ಸಿಕ್ಕಿಸುವ ಜಾಗ ಹೊಸ ಕಂಪ್ಯೂಟರ್‌ಗಳಲ್ಲಿ ಇಲ್ಲವೇ ಇಲ್ಲ. ಈ ಮುದುಕಪ್ಪ ಕಂಪ್ಯೂಟರೇ ಏಳಬೇಕು. ಮುದ್ರಣಾಲಯದ ಮೇಡಂ ಬಾಗಿಲಿಗೂ ಗಡಿಯಾರಕ್ಕೂ ನಡುವೆ ಶತಪಥ ಹಾಕುತ್ತಿದ್ದಾರೆ.

"ಮೇಡಂ, ನೀವು ಓಡಾಡಿದ್ರೆ ನನ್ನ ಕೈನೂ ಓಡಾಡತ್ತೆ. ಕೂತ್ಕೊಳ್ಳಿ," ಎನ್ನುವ ರಬ್ಬರಕ್ಕ ತಾವು ಮಾತ್ರ ಕೂರುವುದಿಲ್ಲ.

ಕೂರುವುದು ಅವರ ಜಾತಕದಲ್ಲೇ ಇಲ್ಲ ಎನ್ನುತ್ತಾರೆ ಅವರ ಗಂಡ. ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ಅವರದು ಒಂದು ಕಡೆ ನಿಂತು ಮಾಡುವ ಕೆಲಸ. "ಇವಳ ಕಾಲಿಗೆ ಚಕ್ರ ಕಟ್ಟಿದೆ. ಉಣ್ಣೋವಾಗಲೂ ಒಂದು ಕಾಲು ಬಾಗಿಲ ಹೊರಗಿರತ್ತೆ," ಎಂಬುದು ಅವರ ದೂರು. ದಿನಕ್ಕೆ ಆರೇಳು ಕರೆ, ಹದಿನಾಲ್ಕು ಹದಿನೈದು ಕಿಲೋಮೀಟರ್ ಸೈಕಲ್, ಇಪ್ಪತ್ತೊಂದು ವರ್ಷ. ಗ್ರಂಥಾಲಯ, ಔಷಧಿ ಅಂಗಡಿ, ಲಾರಿ ತೂಗುವ ಕಟ್ಟೆ, ದಂತವೈದ್ಯರ ಕೊಠಡಿ. ಎಲ್ಲೆಲ್ಲಿ ಕಂಪ್ಯೂಟರ್ ಮುದಿಯಾಗಿ ಮುಖ ಕಪ್ಪಿಟ್ಟಿದೆಯೋ ಅಲ್ಲೆಲ್ಲ ಅವರ ಸೈಕಲ್ ನಿಲ್ಲುತ್ತದೆ.

ಅದಕ್ಕೂ ಮೊದಲು ಅವರು ಟಿ.ವಿ. ಕಾರ್ಖಾನೆಯಲ್ಲಿದ್ದರು. ಹನ್ನೊಂದು ವರ್ಷ ಒಂದೇ ಕೆಲಸ: ಸಾಲಿನಲ್ಲಿ ಬರುವ ಪರದೆಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಕಲೆ, ಗೆರೆ, ನಡುಕ ಇದ್ದದ್ದನ್ನು ಬದಿಗೆ ಸರಿಸುವುದು. ದಿನಕ್ಕೆ ನಾನೂರು. ಒಂದು ದಿನ ಕಾರ್ಖಾನೆಯ ಗೇಟಿಗೇ ಬೀಗ ಬಿತ್ತು. ರಿಪೇರಿ ಅಂಗಡಿಗಳಿಗೆ ಅಲೆದರು. "ಕೌಂಟರಲ್ಲಿ ಕೂತು ಚೀಟಿ ಬರೀರಿ, ಸ್ಕ್ರೂಡ್ರೈವರ್ ನಿಮಗ್ಯಾಕೆ ಅಂದ್ರು," ಎಂದು ನೆನೆಯುತ್ತಾರೆ. "ಬರೆದೆ. ಮಧ್ಯಾಹ್ನ ಅವರು ಊಟಕ್ಕೆ ಹೋದಾಗ, ಇದಾಗಲ್ಲ ಅಂತ ಮೂಲೆಗೆ ತಳ್ಳಿದ್ದನ್ನ ಒಂದೊಂದೇ ಬಿಚ್ಚಿ ನೋಡ್ದೆ. ಅರ್ಧಕ್ಕರ್ಧ ಬದುಕಿದ್ವು."

ಹೀಗೆ ಹೇಳುವಾಗಲೂ ಕೈ ಓಡುತ್ತಲೇ ಇದೆ. ಮೆಮೊರಿ ಪಟ್ಟಿ ಉಜ್ಜಿ ಕೂರಿಸಿದ್ದಾಯಿತು. ಮತ್ತೆ ಅದೇ ಮೂರು ಸದ್ದು. ಚಿತ್ರವನ್ನು ಪರದೆಗೆ ಕಳಿಸುವ ಕಾರ್ಡನ್ನು ಕಿತ್ತು ಬೆಳಕಿಗೆ ಹಿಡಿಯುತ್ತಾರೆ. ಅದರ ಮೇಲಿನ ಪುಟ್ಟ ಡಬ್ಬಿಗಳ ನೆತ್ತಿ ಊದಿಕೊಂಡಿದೆ. "ಇದರ ಕತೆ ಮುಗೀತು. ಒಳಗಿನ ದೊಡ್ಡ ಬೋರ್ಡಲ್ಲೇ ಪರದೆಗೆ ಇನ್ನೊಂದು ದಾರಿ ಇರತ್ತೆ, ಅದನ್ನ ಹಿಡಿಯೋಣ." ಪರದೆಯ ಕೇಬಲ್ ಅಲ್ಲಿಗೆ ಸಿಕ್ಕಿಸುತ್ತಾರೆ. ಸದ್ದು ನಿಂತಿದೆ, ಪರದೆ ಇನ್ನೂ ಕಪ್ಪು. ಏಳೂ ಹತ್ತು.

"ಇದು ಹೋಯ್ತಾ ಅಕ್ಕಾ? ಹೋಗಿದ್ರೆ ಹೇಳ್ಬಿಡಿ," ಎನ್ನುತ್ತಾರೆ ಮೇಡಂ.

ರಬ್ಬರಕ್ಕನ ಕೈ ಮೊದಲ ಬಾರಿಗೆ ನಿಲ್ಲುತ್ತದೆ. 'ಹೋಯ್ತು' ಎಂಬ ಆ ಮಾತನ್ನು ಅವರು ಆರು ವರ್ಷದಿಂದ ಬಾಯಿಂದ ಹೊರಡಿಸಿಲ್ಲ. ಅಂದು ಒಬ್ಬ ನಿವೃತ್ತ ಮೇಷ್ಟರ ಮನೆಗೆ ಹೋಗಿದ್ದರು. ಇನ್ನೂ ಮೂರು ಕಡೆ ಹೋಗುವುದಿತ್ತು. ಪರದೆ ಬರಲಿಲ್ಲ, ಹತ್ತು ನಿಮಿಷ ನೋಡಿ "ಇದು ಹೋಯ್ತು ಮೇಷ್ಟ್ರೇ" ಎಂದು ಹೊರಟರು. ಮೇಷ್ಟರು ಅದನ್ನು ಗುಜರಿಗೆ ಹಾಕಿದರು. ಮುಂದಿನ ವಾರ ಬೇರೆ ಕಡೆ ಅಂಥದ್ದೇ ಕಂಪ್ಯೂಟರ್, ಅಂಥದ್ದೇ ರೋಗ. ನೋಡಿದರೆ ಪರದೆಯ ಕೇಬಲ್ಲಿನ ತುದಿಯಲ್ಲಿ ಸೂಜಿಯಂಥ ಒಂದು ಪಿನ್ನು ಬಾಗಿತ್ತು, ಅಷ್ಟೇ. ಮೇಷ್ಟರ ಕೇಬಲ್ಲನ್ನು ತಾವು ಕಿತ್ತೂ ನೋಡಿರಲಿಲ್ಲ ಎಂಬುದು ಆಗ ಹೊಳೆಯಿತು. ಎದ್ದೆನೋ ಬಿದ್ದೆನೋ ಎಂದು ಗುಜರಿಗೆ ಓಡಿದರು. ಎರಡು ದಿನ ರಾಶಿ ಕೆದಕಿದರೂ ಸಿಗಲಿಲ್ಲ. ಅದರಲ್ಲಿ ಮೇಷ್ಟರು ಒಂಬತ್ತು ವರ್ಷ, ಕಿಟಕಿಯಿಂದ ಕಂಡ ಹಕ್ಕಿಗಳನ್ನೆಲ್ಲ ದಿನದಿನವೂ ಬರೆದಿಟ್ಟಿದ್ದರು.

"ಹೋಗ್ಲಿ ಬಿಡಮ್ಮಾ ಅಂದ್ರು ಮೇಷ್ಟ್ರು. ಬೈದಿದ್ರೆ ಎಷ್ಟೋ ವಾಸಿ ಇತ್ತು," ಎನ್ನುವಾಗ ಅವರ ದನಿ ತಗ್ಗುತ್ತದೆ. "ಈಗ ಒಂದು ಕಡೆಯಿಂದ ಹೊರಟ ಮೇಲೂ ಜೀವ ಅಲ್ಲೇ ಸುತ್ತುತ್ತಿರತ್ತೆ. ಅದನ್ನ ನೋಡಿದ್ನಾ, ಇದನ್ನ ನೋಡಿದ್ನಾ ಅಂತ. ಅರ್ಧ ದಾರೀಲಿ ಸೈಕಲ್ ತಿರುಗಿಸಿದ್ದೂ ಉಂಟು."

ಮೇಡಂಗೆ ಅವರು ಕೊಡುವ ಉತ್ತರ ಇಷ್ಟೇ: "ಇನ್ನೂ ನೋಡ್ತಿದೀನಿ."

ಬೋರ್ಡಿನ ಮೇಲಿನ ಗುಂಡು ಸೆಲ್ ತೆಗೆಯುತ್ತಾರೆ. ಯಂತ್ರ ತನ್ನ ಹಳೆಯ ಹೊಂದಾಣಿಕೆಗಳ ನೆನಪನ್ನೆಲ್ಲ ಮರೆತು, ಸತ್ತ ಕಾರ್ಡಿನ ದಾರಿ ಕಾಯುವುದನ್ನು ಬಿಡಲಿ ಎಂದು. ಹತ್ತು ನಿಮಿಷ ಕಾಯಬೇಕು. ಆ ಹತ್ತು ನಿಮಿಷದಲ್ಲಿ ಕೋಣೆ ಗುಡಿಸುತ್ತಾರೆ, ಕುರ್ಚಿಯ ಸಡಿಲ ಕಾಲು ಬಿಗಿಯುತ್ತಾರೆ, ಎರಡು ಸಲ ಕೈ ತೊಳೆಯುತ್ತಾರೆ. ಸೆಲ್ ಹಾಕಿ ಆನ್ ಮಾಡಿದಾಗ ಪರದೆ ಮಿಣುಕಿ, ನಡುಗಿ, ಬಿಳಿ ಅಕ್ಷರಗಳ ಸಾಲು ಮೂಡುತ್ತದೆ.

"ಬಂತು!" ಮೇಡಂ ಚಪ್ಪಾಳೆ ತಟ್ಟುತ್ತಾರೆ.

ಆದರೆ ಮುದ್ರಣ ಯಂತ್ರ ಮಿಸುಕುವುದಿಲ್ಲ. ನೆನಪು ಅಳಿಸಿದಾಗ ಅದರ ಕೇಬಲ್ಲಿನ ಹೊಂದಾಣಿಕೆಯೂ ಅಳಿಸಿಹೋಗಿದೆ. ಹೊಂದಾಣಿಕೆಗಳ ಯಾವ ಪುಟದಲ್ಲಿ, ಯಾವ ಸಾಲಿನಲ್ಲಿ, ಏನಿತ್ತೋ ಯಾರಿಗೂ ಗೊತ್ತಿಲ್ಲ. ರಬ್ಬರಕ್ಕ ಹಣೆ ಹಣೆ ಬಡಿದುಕೊಳ್ಳುತ್ತಾರೆ. "ಬರ್ಕೊಳ್ಳೋಕೆ ಪರದೆಯೇ ಇರ್ಲಿಲ್ವಲ್ಲ, ಏನ್ ಮಾಡ್ಲಿ!" ಒಂದೊಂದೇ ಆಯ್ಕೆ ಹಾಕಿ ನೋಡುತ್ತಾರೆ. ಎಂಟು ಗಂಟೆ. ಎಂಟೂ ಹತ್ತು.

ಆಗ ಆಪರೇಟರ್ ಗಂಟಲು ಸರಿಮಾಡಿಕೊಳ್ಳುತ್ತಾರೆ. "ಅಕ್ಕಾ, ಮೊದಲು ಇದನ್ನ ಕೂರಿಸಿದೋರು ಏನೇನು ಒತ್ತಿದ್ರು ಅಂತ ನಾನು ಕಿವಿಕೊಟ್ಟು ಕೇಳಿಸ್ಕೊಂಡಿದ್ದೆ. ಅವರನ್ನೇ ಕೇಳಿ ಕೇಳಿ ಬಾಯಿಪಾಠ ಮಾಡ್ಕೊಂಡಿದ್ದೆ. ಕೆಳಗೆ ನಾಲ್ಕು ಸಲ, ಎಂಟರ್. ಮತ್ತೆ ಕೆಳಗೆ ಏಳು, ಎಂಟರ್. ಆಮೇಲೆ ಒಂದು ಮೇಲೆ."

"ಎಷ್ಟು ವರ್ಷದ ಹಿಂದೆ?"

"ಹದಿನಾಲ್ಕು."

"ಇಷ್ಟೊತ್ತು ಯಾಕಪ್ಪಾ ಸುಮ್ನಿದ್ದೆ?"

"ನೀವು ಕೇಳ್ಲಿಲ್ಲ ಅಕ್ಕಾ. ಗೊತ್ತಿರತ್ತೆ ಅಂದ್ಕೊಂಡೆ."

ರಬ್ಬರಕ್ಕ ಎದ್ದು ಅವರನ್ನೇ ಕುರ್ಚಿಯಲ್ಲಿ ಕೂರಿಸುತ್ತಾರೆ. ಬೆರಳು ಲೆಕ್ಕ ಹಾಕುತ್ತ ಕೀಲಿಗಳ ಮೇಲೆ ಓಡುತ್ತದೆ. ಯಂತ್ರ ಮತ್ತೆ ಏಳುತ್ತದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮುದ್ರಣ ಯಂತ್ರ ಟಕಟಕನೆ ದಪ್ಪ ಹಾಳೆಯನ್ನು ಎಳೆದುಕೊಳ್ಳುತ್ತದೆ. ಕಿವಿ ಗಡಚಿಕ್ಕುವ ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಒಂಬತ್ತಕ್ಕೆ ಇನ್ನೂ ಐದು ನಿಮಿಷ ಇರುವಾಗ ಒಂಬತ್ತು ಕಟ್ಟುಗಳು ಗಾಡಿ ಹತ್ತುತ್ತವೆ.

ಮೇಡಂ ಕಾಫಿ ತರಿಸುತ್ತಾರೆ. ರಬ್ಬರಕ್ಕ ನಿಂತೇ ಕುಡಿಯುತ್ತ, ಒಂದು ಕಾಗದದ ಮೇಲೆ ಎಲ್ಲವನ್ನೂ ಬರೆಯುತ್ತಾರೆ: ಕಾರ್ಡ್ ತೆಗೆದದ್ದು, ಕೇಬಲ್ ಎಲ್ಲಿಗೆ ಹಾಕಿದ್ದು, ಕೆಳಗೆ ನಾಲ್ಕು, ಕೆಳಗೆ ಏಳು, ಮೇಲೆ ಒಂದು. ಅದನ್ನು ಪೆಟ್ಟಿಗೆಯ ಒಳಮೈಗೆ ಅಂಟಿಸುತ್ತಾರೆ. ಆಪರೇಟರ್ ಅದನ್ನೇ ಚುಕ್ಕಿಗಳಲ್ಲಿ ಒತ್ತಿಸಿ ಪಕ್ಕದಲ್ಲಿ ಅಂಟಿಸುತ್ತಾರೆ.

"ಇದನ್ನ ಮುಂದೆ ಯಾರೋ ಬಿಚ್ತಾರೆ. ನಾನೇ ಇರ್ತೀನಿ ಅಂತೇನಿಲ್ಲ. ಅವರು ನನ್ ಹಾಗೆ ಒದ್ದಾಡಬಾರ್ದು," ಎನ್ನುತ್ತಾರೆ. ಅಷ್ಟರಲ್ಲಿ ಫೋನ್ ಬಡಿದುಕೊಳ್ಳುತ್ತಿದೆ, ಔಷಧಿ ಅಂಗಡಿಯ ಪರದೆಯಲ್ಲಿ ಅಡ್ಡಗೆರೆ ಬಂದಿದೆಯಂತೆ. ಚೀಲ ಹೆಗಲಿಗೇರಿದೆ.

ಕಾಗದದ ಕೆಳಗೆ ಹೆಸರು ಬರೆಯಿರಿ ಎಂದು ಮೇಡಂ ಒತ್ತಾಯಿಸುತ್ತಾರೆ.

"ಹೆಸರ್ಯಾಕೆ ಮೇಡಂ? ತಾರೀಕು ಹಾಕಿದೀನಿ. ಈ ದಿನ ಇದು ಓಡ್ತಿತ್ತು ಅಂತ ಅವರಿಗೆ ಗೊತ್ತಾದ್ರೆ ಸಾಕು."