ಟೇಪಿನೊಳಗಿನ ಉಮ್ಮ

ಮೆಮೊರಿ ಸಾಲದು ಎಂದು ಮನೆಯವರು ಎಷ್ಟು ಸಲ ಹೇಳಿದರೂ ನಕ್ಕು ಸುಮ್ಮನಾಗುವ ನನಗೆ, ಅದೇ ಮಾತನ್ನು ಕಂಪ್ಯೂಟರ್ ಹೇಳಿದಾಗ ಮಾತ್ರ ತಡೆಯಲಾಗಲಿಲ್ಲ.

ನಿವೃತ್ತಿಯಾದ ಮೇಲೂ ದೇರೆಬೈಲಿನ ನನ್ನ ಮನೆಯಲ್ಲಿ ಹಳೆಯ ಯುನಿಕ್ಸ್ ಕಂಪ್ಯೂಟರೊಂದನ್ನು ಸಾಕಿಕೊಂಡಿದ್ದೇನೆ. ಬೇರೆಯವರು ಬೆಕ್ಕು ಸಾಕುವುದಿಲ್ಲವೇ? ಈಚೆಗೆ ಅದಕ್ಕೊಂದು ಕೆಲಸ ತಂದವಳು ಗೆಳತಿ ಜುಬೈದಾ. ಹಿಂದೆ ನಾವಿಬ್ಬರೂ ಒಂದೇ ಕಂಪ್ಯೂಟರ್ ಕೇಂದ್ರದಲ್ಲಿದ್ದಾಗ, ಕರಾವಳಿಯ ಮುಸ್ಲಿಮರಾಡುವ ಬ್ಯಾರಿ ಮಾತಿನ ಅಧ್ಯಯನಕ್ಕೆಂದು ಅವಳ ಉಮ್ಮನಿಂದ, ಅಂದರೆ ತಾಯಿಯಿಂದ, ಮೀನುಸಾರು ಮಾಡುವ ಬಗೆಯನ್ನು ಹೇಳಿಸಿ ಕಂಪ್ಯೂಟರಿನ ಮ್ಯಾಗ್ನೆಟಿಕ್ ಟೇಪಿನಲ್ಲಿ ಇಟ್ಟಿದ್ದೆವು. ಗಂಟಲಿನ ಆಪರೇಷನ್ ಆದ ಮೇಲೆ ಉಮ್ಮನ ದನಿ ಹೋಗಿದೆ. ಈಗ ಪಿಸುಮಾತು ಮಾತ್ರ. ಹಳೆಯ ದನಿ ಬೇರೆಲ್ಲೂ ಉಳಿದಿಲ್ಲ.

“ಇದೊಂದೇ ಉಂಟು ಮಾರಾಯ್ತಿ. ಜಾಗ್ರತೆ,” ಎಂದು ಜುಬೈದಾ ಟೇಪನ್ನು ನನ್ನ ಕೈಗಿಟ್ಟಳು.

ಓದಿಸಹೊರಟರೆ ಯಂತ್ರದ ದೂರು: ಮೆಮೊರಿ ಸಾಲದು. ಟೇಪು ಓದುವ ಡ್ರೈವಿನ ಹೆಡ್ ಒರೆಸಿದೆ, ಕೇಬಲ್ ಬದಲಿಸಿದೆ, ಎಲ್ಲೆಲ್ಲೋ ಹುಡುಕಿ ಮೆಮೊರಿಯನ್ನೂ ತಂದು ತುಂಬಿಸಿದೆ. ಆದರೂ ಅದೇ ಹಟ. ಓಡಿಸಿದಾಗಲೆಲ್ಲ, ಎಲ್ಲಿ ಟೇಪು ಹರಿದೀತೋ ಎಂಬ ಭಯ ಬೇರೆ. ಕೊನೆಗೊಂದು ದಿನ ಚಹಾ ಕುಡಿಯುತ್ತಿದ್ದಾಗ ತಲೆಗೆ ಹೊಳೆಯಿತು. ಟೇಪಿನಲ್ಲಿ ಮಾಹಿತಿ ಬ್ಲಾಕ್ ಎಂಬ ತುಂಡುಗಳಾಗಿ ಕೂತಿರುತ್ತದೆ. ಒಂದೊಂದು ಬ್ಲಾಕನ್ನೂ ಇಡಿಯಾಗಿ, ಒಂದೇ ಗುಕ್ಕಿಗೆ ಓದಬೇಕು. ಜಾಗ ಉಳಿಸುವ ಹುಮ್ಮಸ್ಸಿನಲ್ಲಿ ನಾವು ಬರೆದದ್ದು ದೊಡ್ಡ ದೊಡ್ಡ ಬ್ಲಾಕುಗಳು. ಒಂದು ಗುಕ್ಕಿಗೆ ಇಷ್ಟು ಎಂದು ಈಗ ನಾನು ಓದಲು ಕೊಡುತ್ತಿದ್ದದ್ದು ಸಣ್ಣ ಅಳತೆ. ಯಂತ್ರದ ಮೆಮೊರಿ ಬೇಕಾದಷ್ಟಿತ್ತು; ಆ ಗುಕ್ಕು ಸಣ್ಣದಾಗಿತ್ತು, ಅಷ್ಟೆ. ಅಳತೆ ಹೆಚ್ಚಿಸಿ ಮತ್ತೆ ಓಡಿಸಿದೆ. ಟೇಪು ತಡವರಿಸದೆ ಗುಂಯ್ ಎಂದು ಹೊರಟಿತು. ನೋಡುವವರು ಯಾರೂ ಇರಲಿಲ್ಲವಾದ್ದರಿಂದ ಧೈರ್ಯವಾಗಿ ಎರಡು ಹೆಜ್ಜೆ ಕುಣಿದೆ.

ಮರುದಿನ ಜುಬೈದಾ ಕಾಟಿಪಳ್ಳದಿಂದ ಉಮ್ಮನನ್ನು ಕರೆತಂದಳು. ಸ್ಪೀಕರಿನಿಂದ ತುಂಬುದನಿ ಹೊರಟಿತು: ಬಂಗುಡೆ ಎಷ್ಟು, ಮೆಣಸು ಎಷ್ಟು, ಹುಳಿ ಎಷ್ಟು, ನಡುವೆ ಮನೆಯೆಲ್ಲ ಕೇಳುವಂಥ ಒಂದು ನಗು. ಜುಬೈದಾ ಗೋಡೆಯ ಕಡೆ ಮುಖ ತಿರುಗಿಸಿದಳು. ನಾನು ಕಣ್ಣೊರೆಸಲು ಸೆರಗು ಎತ್ತಿಕೊಂಡೆ. ಉಮ್ಮ ಮಾತ್ರ ಹುಬ್ಬು ಗಂಟಿಕ್ಕಿಕೊಂಡು ಕೊನೆಯ ತನಕ ಕೇಳಿ, ನನ್ನನ್ನು ಹತ್ತಿರ ಕರೆದು, ಸ್ಪೀಕರಿನ ಕಡೆ ಬೆರಳು ತೋರಿಸಿ ಪಿಸುಗುಟ್ಟಿದರು:

“ಅಷ್ಟು ಹುಳಿ ಎಂತಕ್ಕೆ? ಅವಳಿಗೆ ಅಡುಗೆ ಗೊತ್ತಿಲ್ಲ.”

ಮೂವರೂ ನಕ್ಕೆವು. ಉಮ್ಮನದು ಸದ್ದಿಲ್ಲದ ನಗು. ಭುಜ ಮಾತ್ರ ಕುಲುಕುತ್ತಿತ್ತು. ಹೋದ ದನಿ ಸಿಕ್ಕಿತೆಂದು ನಾವು ಅಳಲು ಹೊರಟಿದ್ದೆವು. ಅವರಿಗೋ ಅದು, ಇನ್ನೂ ಸ್ವಲ್ಪ ಕಲಿಯಬೇಕಾದ ಯಾರೋ ಹುಡುಗಿ. ವಯಸ್ಸಾಗುವುದರಲ್ಲಿ ಇಂಥ ಸುಖವೂ ಉಂಟೆಂದು ನನಗೆ ಗೊತ್ತಿರಲಿಲ್ಲ.