ಅವ್ವನ ಅಕ್ಷತೆ, ಅತ್ತಿಗೆಯ ಕಂಪ್ಯೂಟರ್

ಢಮಾರ್!

ಅತ್ತಿಗೆಯ ಮುಖ ಕಂಪ್ಯೂಟರಿನ ತೆರೆದ ಹೊಟ್ಟೆಯ ಮೇಲೆ ಬಾಗಿತ್ತು. ಒಳಗಿನಿಂದ ಹಾರಿದ ಕಿಡಿ ಅವರ ಕನ್ನಡಕಕ್ಕೆ ಬಡಿಯಿತು. ನಾನು ವೈರು ಹಿಡಿದು ಪ್ಲಗ್ ಕಿತ್ತೆ. (ಸ್ವಿಚ್ ಆರಿಸಿದರೆ ಸಾಕಿತ್ತು. ನನ್ನ ಬಿ.ಎಸ್‌ಸಿ. ಆಗ ನೆನಪಾಗಲಿಲ್ಲ.)

ವಾರ ಕಳೆದಿದೆ. ಈಗಲೂ ಕುಕ್ಕರ್ ಕೂಗಿದರೆ ಬೆಚ್ಚುತ್ತೇನೆ. ಆ ಕನ್ನಡಕ ಇರದಿದ್ದರೆ?

ಅತ್ತಿಗೆ ಹಿಂದೆ ದಟ್ಟಗಳ್ಳಿಯ ಮನೆಯಲ್ಲೇ ಡಿಟಿಪಿ ಸೆಂಟರ್ ನಡೆಸುತ್ತಿದ್ದರು. ಆ ಕಾಲದ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ಕನ್ನಡ ತೋರಿಸಲೆಂದೇ ಒಂದು ಕಾರ್ಡನ್ನು ಒಳಗೆ ಸಿಕ್ಕಿಸಬೇಕಿತ್ತು. ಬಿಡುವಾದಾಗ ಅವರು ನನ್ನ ಅವ್ವ ಹಾಡುತ್ತಿದ್ದ ಸೋಬಾನೆ ಪದಗಳನ್ನು ಟೈಪ್ ಮಾಡಿ ಫ್ಲಾಪಿಗಳಲ್ಲಿ ಇಟ್ಟಿದ್ದರು.

ಈಚೆಗೆ ಅಣ್ಣ-ಅತ್ತಿಗೆಯ ಮಗಳ ಮದುವೆ ನಿಶ್ಚಯವಾಯಿತು. ಅಜ್ಜಿಯೇ ಹಾಡಬೇಕೆಂದು ಅವಳ ಹಟ. ಅವ್ವನಿಗೋ ಮೊದಲ ಸಾಲು ಬಂದರೆ ಎರಡನೆಯದಿಲ್ಲ. “ಮುಂದಕ್ಕೆ ಬತ್ತಿಲ್ಲ ಕಣಪ್ಪ” ಎಂದು ಗೋಡೆ ನೋಡುತ್ತಾ ಕೂರುತ್ತಿದ್ದಳು.

ಮೂಲೆಯ ಹಳೆಯ ಕಂಪ್ಯೂಟರಿನ ಮೇಲಿನ ಬಟ್ಟೆ ಸರಿಯಿತು. ಫ್ಲಾಪಿ ಓದುವ ಭಾಗ ಕೆಟ್ಟಿತ್ತು. ಅತ್ತಿಗೆ ಆನ್‌ಲೈನ್‌ನಲ್ಲಿ ಅದಕ್ಕೊಂದು ಕಾರ್ಡ್ ತರಿಸಿದರು. ಅದೊಂದನ್ನೇ ಹಾಕಿದರೆ ಫ್ಲಾಪಿ ತೆರೆಯುತ್ತದೆ, ಆದರೆ ಅಕ್ಷರದ ಬದಲು ಚುಕ್ಕೆ, ಗೆರೆ. ಕನ್ನಡ ಕಾರ್ಡ್ ಹಾಕಿದರೆ ಅಕ್ಷರವಿದೆ, ಫ್ಲಾಪಿ ಇಲ್ಲ. ಎರಡೂ ಹಾಕಿದರೆ ಪರದೆ ಕಪ್ಪು! ಎರಡಕ್ಕೂ ಒಂದೇ ವಿಳಾಸವಂತೆ. ಒಂದೇ ಡೋರ್ ನಂಬರಿನ ಎರಡು ಮನೆಗಳಿದ್ದರೆ ಪೋಸ್ಟ್‌ಮ್ಯಾನ್ ಏನು ಮಾಡಬೇಕು?

“ಬೇರೆ ಯಾರ ಹತ್ರನಾದ್ರೂ ಹಾಡಿಸಿದ್ರಾಯ್ತು, ಬುಡಿ ಅತ್ತಿಗೆ” ಎಂದೆ.

“ಒಂದರ ನಂಬರ್ ಬದಲಾಯ್ಸಿದ್ರೆ ಮುಗೀತು ಕಣ್ರೀ. ನೀವು ಟಾರ್ಚ್ ಹಿಡೀರಿ. ಅಷ್ಟು ಬರುತ್ತಲ್ವಾ?”

ಹೊಸ ಕಾರ್ಡಿನ ಮೇಲಿದ್ದ ಪುಟಾಣಿ ಸ್ವಿಚ್‌ಗಳನ್ನು ಹೇರ್‌ಪಿನ್ನಿನಿಂದ ಸರಿಸಿ ವಿಳಾಸ ಬದಲಿಸಿದರು. ಕರೆಂಟ್ ಕೊಟ್ಟೆವು. ಆಗಲೇ ಆ ಢಮಾರ್.

ಒಳಗಿನಿಂದ ಅವ್ವ ಕೂಗಿದಳು: “ಯಾರ್ಲಾ ಅದು ಪಟಾಕಿ ಒಡೀತಿರೋದು? ಮದ್ವೆ ಇನ್ನೂ ಮುಂದಿನ ವಾರ ಕಣ್ರೋ!”

ಅತ್ತಿಗೆಯ ಕನ್ನಡಕದ ಗಾಜಿನ ಮೇಲೆ ಸುಟ್ಟ ಚುಕ್ಕೆ. ನಾನಿನ್ನೂ ಕಿತ್ತ ಪ್ಲಗ್ ಹಿಡಿದೇ ನಿಂತಿದ್ದೆ. ಅವರು ತಣ್ಣಗೆ ಕಾರ್ಡ್ ಕಿತ್ತು, ಅದು ಕೂರುವ ಸೀಳಿನೊಳಗೆ ಟಾರ್ಚ್ ಬಿಟ್ಟರು.

ಅಕ್ಷತೆ!

ಪ್ರತಿ ಆಯುಧಪೂಜೆಗೂ ಅವ್ವ ಕಂಪ್ಯೂಟರಿನ ಮೇಲೆ ಭಕ್ತಿಯಿಂದ ಎಸೆದದ್ದು ಅದರ ಗಾಳಿಕಿಂಡಿಯಲ್ಲಿ ಇಳಿದು ಅಲ್ಲಿ ಕೂತಿತ್ತು. ಮತ್ತೆ ಸಿಕ್ಕಿಸಿದ ಕಾರ್ಡ್ ಈ ಸಲ ಅದರ ಮೇಲೆ ಓರೆಯಾಗಿ ಕೂತು, ತಾಗಬಾರದ ಕಡೆ ತಾಗಿ, ಹುಣಸೆಬೀಜದಷ್ಟಿದ್ದ ಕೆಪಾಸಿಟರ್ ಸಿಡಿದಿತ್ತು.

ಲಷ್ಕರ್ ಮೊಹಲ್ಲಾದ ಅಂಗಡಿಯಿಂದ ಬೇರೊಂದು ಕೆಪಾಸಿಟರ್ ತಂದೆ. ಅತ್ತಿಗೆ ಅಕ್ಷತೆ ಕೆದಕಿ ತೆಗೆದು, ಬೆಸುಗೆ ಹಾಕಿದರು. ಈ ಸಲ ಸ್ವಿಚ್ ಒತ್ತಿದ್ದು ನಾನೇ. ಬಾಗಿಲ ಮರೆಯಿಂದ, ಕೋಲಿನಲ್ಲಿ. (ನಗಬೇಡಿ.)

ಬೀಪ್. ಫ್ಲಾಪಿ ಕರಕರ ಎಂದಿತು. ಪರದೆಯ ತುಂಬಾ ಕನ್ನಡ! ನಾನು ಸಿಳ್ಳೆ ಹೊಡೆದೆ. ಹೊಂದುವುದಿಲ್ಲ ಎಂದು ನಾವು ಎಷ್ಟು ಬೇಗ ತೀರ್ಪು ಕೊಡುತ್ತೇವೆ! ಯಾರನ್ನೂ ಹೊರಗೆ ಹಾಕದೆ, ಒಬ್ಬರು ಚೂರು ಸರಿದಿದ್ದಕ್ಕೇ ಕೆಲಸವಾಗಿತ್ತಲ್ಲ?

ಅತ್ತಿಗೆ ಗಟ್ಟಿಯಾಗಿ ಓದತೊಡಗಿದರು. ಎರಡನೆಯ ಸಾಲಿಗೇ ಅವ್ವ ತಡೆದಳು.

“ಅಂಗಲ್ಲ ಕಣವ್ವ! ನಾನೆಲ್ಲಿ ಅಂಗಂದಿದ್ದೆ? ತಪ್ಪುತಪ್ಪಾಗಿ ಒತ್ಬುಟ್ಟಿದ್ದೀಯ!”

ತಿದ್ದಲು ಹೋದವಳು ಹಾಡಿಯೇಬಿಟ್ಟಳು. ಪರದೆಯಲ್ಲಿ ಪದ ಮುಗಿಯಿತು. ಅವ್ವ ನಿಲ್ಲಿಸಲಿಲ್ಲ.

ನಿನ್ನೆ ಮದುವೆಯಲ್ಲೂ ಅಷ್ಟೇ. ಪುರೋಹಿತರು ಎರಡು ಸಲ ವಾಚು ನೋಡಿಕೊಂಡರು. ಧಾರೆಯ ಹೊತ್ತಿಗೆ ಎಲ್ಲರೂ ವಧೂವರರ ಮೇಲೆ ಅಕ್ಷತೆ ಎಸೆದರು. ನಾನೊಬ್ಬ ಓಡಿಹೋಗಿ ಫೋಟೋಗ್ರಾಫರ್‌ನ ಲ್ಯಾಪ್‌ಟಾಪಿಗೆ ನನ್ನ ಶಲ್ಯ ಮುಚ್ಚಿದೆ.

ಅಂದಹಾಗೆ, ನಿಮ್ಮ ಮನೆಯ ಕಂಪ್ಯೂಟರಿನ ಹೊಟ್ಟೆಯಲ್ಲಿ ಎಷ್ಟು ಆಯುಧಪೂಜೆಗಳ ಅಕ್ಷತೆ ಇದೆ?